ನೀರು ನಿಲ್ಲದ ಮಧ್ಯಾಹ್ನ

ಸೋಪಿನ ತಟ್ಟೆಯಲ್ಲಿ ಸೋಪಿತ್ತು. ಉಂಗುರವಿರಲಿಲ್ಲ.

ಬೆಳಿಗ್ಗೆ ಸ್ನಾನಕ್ಕೆ ಹೋದಾಗ ಅಜ್ಜಿ ಅದನ್ನು ಅಲ್ಲಿ ಕಳಚಿಟ್ಟು ಮರೆತಿದ್ದರು. ತೀರಿಹೋದ ಯಜಮಾನರು ತೊಡಿಸಿದ್ದ ಕೆಂಪು ಹರಳಿನ ಉಂಗುರ. ಮಧ್ಯಾಹ್ನ ಮಲಗಿ ಎದ್ದಾಗ ಬರಿಬೆರಳು ಕಂಡು ಬಾತ್‌ರೂಮಿಗೆ ಓಡಿದರು. ಅಳಿಯ ಪೊಲೀಸರಿಗೆ ಫೋನ್ ಮಾಡಿದ. ಬೆಳಿಗ್ಗೆ ಅದೇ ಬಾತ್‌ರೂಮಿನಲ್ಲಿ ಫ್ಲಶ್ ಹ್ಯಾಂಡಲ್ ಬದಲಿಸಿ ಹೋಗಿದ್ದ ಪ್ಲಂಬರನ್ನೂ ಕರೆಸಿದ.

ಇನ್‌ಸ್ಪೆಕ್ಟರ್ ಮೇಡಂಗೆ ಬಂದಾಗಿನಿಂದ ತಲೆ ಚಿಟ್ಟು ಹಿಡಿದಿತ್ತು. ಟಾಯ್ಲೆಟ್‌ನಲ್ಲಿ ನೀರು ಸುಯ್ಯೆಂದು ಹರಿಯುತ್ತಲೇ ಇತ್ತು.

"ಅಲ್ಲಿ ಒಬ್ಬನೇ ಇದ್ದವನು ಇವನೇ ಮೇಡಂ," ಎಂದ ಅಳಿಯ. "ಕೆಲಸಾನೂ ಕಳ್ಳಗೆಲಸ. ನಟ್ ಕೂಡ ಬಿಗಿ ಮಾಡಿಲ್ಲ."

ಪ್ಲಂಬರ್ ಚೀಲವನ್ನು ತಾನೇ ನೆಲಕ್ಕೆ ಸುರಿದ. ಸ್ಪ್ಯಾನರ್, ಟೇಪು, ಹಳೆಯ ಹ್ಯಾಂಡಲ್. ಅಜ್ಜಿ ಒಂದೊಂದನ್ನೂ ಎತ್ತಿ ನೋಡಿದರು.

"ಮೂವತ್ತು ವರ್ಷದಿಂದ ಈ ಬೀದಿಯ ಮನೆ ಮನೆ ಒಳಗೂ ಹೋಗಿದ್ದೀನಿ," ಎಂದ ಅವನು. "ನಿಮ್ಮ ಜೀಪು ಹತ್ತಿದ್ರೆ ನಾಳೆ ನನಗೆ ಯಾರೂ ಬಾಗಿಲು ತೆಗೆಯಲ್ಲ ಮೇಡಂ."

"ಮಾರಿ ಬಂದಿರ್ತಾನೆ," ಎಂದ ಅಳಿಯ.

ಅದೂ ಆಗಬಹುದಿತ್ತು. ಮೇಡಂ ಹುಬ್ಬು ಗಂಟಿಕ್ಕಿದರು.

* * *

"ಈ ಸದ್ದು ಬೆಳಿಗ್ಗೆಯಿಂದಲೂ ಇದೆಯಾ ಅಮ್ಮ?"

"ಇಲ್ಲಮ್ಮ. ಇವನು ರಿಪೇರಿ ಮಾಡಿದ್ಮೇಲೆ ನಿಂತಿತ್ತು. ಅದಕ್ಕೇ ಇವತ್ತು ನಿದ್ದೆ ಹತ್ತಿದ್ದು. ಎದ್ದಾಗ ಮತ್ತೆ ಶುರುವಾಗಿತ್ತು."

"ಆಗ ಮನೇಲಿ ಯಾರಿದ್ರು?"

"ಅಳಿಯಂದ್ರು ಒಬ್ರೇ. ಮಗಳು ಆಫೀಸಿಗೆ ಹೋಗಿದ್ದಾಳೆ."

ಮೇಡಂ ಅಳಿಯನತ್ತ ತಿರುಗಿದರು. "ಫ್ಲಶ್ ಟ್ಯಾಂಕ್ ತೆಗೆದು ನೋಡಿದ್ರಾ?"

"ನಾನ್ಯಾಕೆ ಅದಕ್ಕೆ ಕೈ ಹಾಕ್ಲಿ?"

* * *

ಪ್ಲಂಬರ್ ಟ್ಯಾಂಕಿನ ಮುಚ್ಚಳ ಎತ್ತಿದ. ಒಳಗೆ ಹ್ಯಾಂಡಲಿನ ನಟ್ ಲಡಲಡ ಅಲ್ಲಾಡುತ್ತಿತ್ತು. ಅವನ ಮುಖ ಬಾಡಿತು.

"ಇದರ ತಿರುಪು ಉಲ್ಟಾ ಮೇಡಂ. ಎಡಕ್ಕೆ ಬಿಗಿ, ಬಲಕ್ಕೆ ಸಡಿಲ. ಗೊತ್ತಿಲ್ಲದೋರು ಬಿಗಿ ಮಾಡ್ತೀವಿ ಅಂತ ಕಳಚಿಬಿಡ್ತಾರೆ."

ಮೇಡಂ ಅಂಗಿಯ ತೋಳು ಮಡಚಿ ನೀರಿಗೆ ಕೈ ಇಳಿಸಿದರು. ತಳದ ರಬ್ಬರ್ ಮುಚ್ಚಳದ ಅಡಿಯಲ್ಲಿ ಪ್ಲಾಸ್ಟಿಕ್ ಪೊಟ್ಟಣವೊಂದು ಸಿಕ್ಕಿಕೊಂಡಿತ್ತು. ಬಿಚ್ಚಿದರೆ ಕೆಂಪು ಹರಳು. ರಬ್ಬರ್ ಮುಚ್ಚಳ ಕೂತು, ಟ್ಯಾಂಕ್ ತುಂಬಿ, ನೀರಿನ ಸದ್ದೂ ನಿಂತಿತು.

"ಇವನೇ ಬಚ್ಚಿಟ್ಟಿರ್ತಾನೆ," ಎಂದ ಅಳಿಯ.

"ಬೆಳಿಗ್ಗೆಯೇ ಇಟ್ಟಿದ್ರೆ ನೀರು ಆಗ್ಲೇ ಹರೀಬೇಕಿತ್ತು. ಅತ್ತೆ ಮಲಗಿದ್ಮೇಲೆ ಉಂಗುರ ನಿಮ್ಮ ಕಣ್ಣಿಗೆ ಬಿತ್ತು. ಟ್ಯಾಂಕಿಗೆ ಹಾಕಿದ್ರಿ. ಹೊರಡುವಾಗ ಅಭ್ಯಾಸಬಲ, ಫ್ಲಶ್ ಮಾಡಿದ್ರಿ. ಪೊಟ್ಟಣ ಅಡಿಗೆ ಸಿಕ್ಕಿತು, ನೀರು ನಿಲ್ಲಲಿಲ್ಲ. ಗಾಬರಿಯಲ್ಲಿ ನಟ್ ತಿರುಗಿಸಿದ್ರಿ, ಬಲಕ್ಕೆ. ಅಷ್ಟರಲ್ಲಿ ಅತ್ತೆ ಎದ್ರು. ಟ್ಯಾಂಕ್ ತೆಗೀದೇ ಇದ್ರೆ, ನಟ್ ಸಡಿಲ ಅಂತ ನಿಮಗೆ ಹೇಗೆ ಗೊತ್ತಾಯ್ತು?"

ಕುಂಬಳಕಾಯಿ ಕಳ್ಳ ಎನ್ನುವ ಮೊದಲೇ ಈತ ಹೆಗಲು ಮುಟ್ಟಿ ನೋಡಿಕೊಂಡಿದ್ದ. ಈಗ ತಾನೇ ಬಾಯಿಬಿಟ್ಟ. "ಜೇಬಲ್ಲಿಟ್ಟಿದ್ರೆ ಹೆಂಡ್ತಿ ತಡಕ್ತಾಳೆ..."

* * *

ಜೀಪು ಅಳಿಯನನ್ನು ಹತ್ತಿಸಿಕೊಂಡು ಹೋಯಿತು. ಪ್ಲಂಬರ್ ನಟ್ಟನ್ನು ಎಡಕ್ಕೆ ಬಿಗಿದ, ಎರಡು ಸಲ ಫ್ಲಶ್ ಮಾಡಿ ನೋಡಿದ. ನೀರು ತುಂಬಿತು, ನಿಂತಿತು. ಮನೆ ನಿಶ್ಶಬ್ದವಾಯಿತು.

"ತಪ್ಪಾಯ್ತಪ್ಪ," ಎಂದರು ಅಜ್ಜಿ.

ಅವನು ಸಾಮಾನನ್ನೆಲ್ಲ ಚೀಲಕ್ಕೆ ತುಂಬಿದ. ಬಾಗಿಲ ಬಳಿ ನಿಂತು ಚೀಲದ ಬಾಯಿ ಅಗಲಿಸಿ ಅಜ್ಜಿಯ ಮುಂದೆ ಹಿಡಿದ.

"ಹೋಗೋ ಮುಂಚೆ ಇನ್ನೊಂದ್ಸಲ ನೋಡಿಬಿಡಿ ಅಮ್ಮ."

ಅಜ್ಜಿಗೆ ತಲೆ ಎತ್ತಲಾಗಲಿಲ್ಲ.