ಸೊಸೆಯ ಭಯ

ಸೊಸೆ ಬಚ್ಚಲುಮನೆಗೆ ನುಗ್ಗಿ ಒಳಗಿನಿಂದ ಚಿಲಕ ಹಾಕಿಕೊಂಡಳು. ಅತ್ತೆ ಹಿಂದೆಯೇ ಓಡಿ ಬಂದು ಬಾಗಿಲು ತಟ್ಟಿದಳು. ಹೊಲಿಗೆ ಯಂತ್ರದ ಕೆಳಗೆ ಗಿರಾಕಿಯ ಹೊಸ ಕೋಟು ಚಿಂದಿಚಿಂದಿಯಾಗಿ ಬಿದ್ದಿತ್ತು. ಅದನ್ನು ಕತ್ತರಿಸಿದ ಕತ್ತರಿ ಮಾತ್ರ ಅಲ್ಲಿರಲಿಲ್ಲ...

ನಡೆದದ್ದು ಇಷ್ಟೇ. ಅತ್ತೆಯ ದಿನ ತುಂಬಿದ್ದ ಮಗಳು ಹೆರಿಗೆಗೆ ಬಾ ಎಂದು ಫೋನು ಮಾಡಿದ್ದಳು. "ಸ್ವಲ್ಪ ದಿನ ಇದ್ದು ಬರ್ತೀನಿ" ಎಂದು ಅತ್ತೆ ಬಟ್ಟೆ ಹೊಲಿಯುತ್ತಲೇ ಹೇಳಿದ್ದಳು. ಬೆಳಗ್ಗೆಯಷ್ಟೇ "ಹೆತ್ತೋಳಿಗಿಂತ ನೀವೇ ಹೆಚ್ಚು" ಎಂದು ಕೊರಳಿಗೆ ಜೋತುಬಿದ್ದಿದ್ದ ಸೊಸೆ, ಅದನ್ನು ಕೇಳಿದ್ದೇ ತಡ, "ನಿಮ್ಮದೂ ನಾಟಕಾನೇ. ನಾನು ಸತ್ರೆ ಎಲ್ಲರಿಗೂ ಹಾಯಾಗತ್ತೆ" ಎಂದಿದ್ದಳು.

ಮಗ ಗೋಡೆಗೆ ಒರಗಿ ನಿಂತಿದ್ದ.

"ಅಮ್ಮ, ಎಲ್ಲೂ ಹೋಗಲ್ಲ ಅಂತ ಹೇಳಿಬಿಡು. ಬಾಗಿಲು ತೆಗೀತಾಳೆ."

"ಆಮೇಲೆ?"

"ಆಮೇಲಿಂದು ಆಮೇಲೆ."

ಎಷ್ಟೋ ಸಲ ಅತ್ತೆ ಹಾಗೆಯೇ ಹೇಳಿದ್ದಳು. ಮಾತು ಕೊಡುವುದು, ತಪ್ಪುವುದು, ಮತ್ತೆ ರಂಪ. ಸೊಸೆಯದು ಸೊಕ್ಕು ಎಂದೇ ಮೊದಮೊದಲು ನಂಬಿದ್ದಳು. ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್ ಎಂಬ ಬಾಯಿ ತಿರುಗದ ಹೆಸರನ್ನು ಮನೋವೈದ್ಯೆ ಬಿಡಿಸಿ ಹೇಳಿದ ಮೇಲೆ ಕಣ್ಣು ತೆರೆದಿತ್ತು. "ನೀವು ಹೋಗಿ ಬರ್ತೀನಿ ಅಂದ್ರೆ ಅವಳಿಗೆ ಕೈಬಿಟ್ರು ಅಂತಲೇ ಅನ್ನಿಸತ್ತೆ. ಆ ನೋವು ನಿಜ ಅಂತ ಒಪ್ಕೊಳ್ಳಿ. ಆದ್ರೆ ಸಮಾಧಾನಕ್ಕೆ ಸುಳ್ಳು ಹೇಳಬೇಡಿ. ಸಾಯೋ ಮಾತು ಬಂದ್ರೆ ಹಗುರವಾಗಿ ತಗೋಬೇಡಿ, ತಕ್ಷಣ ಫೋನು ಮಾಡಿ" ಎಂದಿದ್ದರು.

"ಡಾಕ್ಟರಿಗೆ ಫೋನು ಮಾಡು" ಎಂದು ಮಗನಿಗೆ ಹೇಳಿ, ಅವಳು ಬಾಗಿಲಿಗೆ ಕಿವಿಯಿಟ್ಟು ನೆಲದ ಮೇಲೆ ಕೂತಳು. ಒಳಗೆ ನಲ್ಲಿ ಸುರಿಯುವ ಸದ್ದು ಬಿಟ್ಟರೆ ಬೇರೇನೂ ಇಲ್ಲ.

"ತುಂಬ ಹೆದರಿಕೆ ಆಗ್ತಿದೆ ಅಲ್ವಾ ನಿನಗೆ?"

ಅತ್ತೆ ಬಾಗಿಲಿಗೆ ಅಂಗೈ ಒತ್ತಿದಳು.

"ನನಗೂ ಆಗ್ತಿದೆ ಕಣೇ. ಆ ಕತ್ತರಿ ಕೊಡು."

"ಹೋಗಲ್ಲ ಅಂತ ಆಣೆ ಮಾಡಿ."

ಗಂಟಲವರೆಗೆ ಬಂದ ಸುಳ್ಳನ್ನು ಅತ್ತೆ ನುಂಗಿಕೊಂಡಳು. ನಿಜ ಹೇಳಿದ್ದಕ್ಕೇ ಒಳಗೆ ಏನಾದರೂ ಆಗಿಹೋದರೆ... ಮಗನಿಗೆ ಯಾವ ಮುಖ ತೋರಿಸುವುದು?

"ಆಣೆ ಮಾಡಲ್ಲ. ಹೋಗ್ತೀನಿ. ಹೋದ್ರೂ ನಿನ್ನ ಅತ್ತೆಯಾಗೇ ಇರ್ತೀನಿ. ದಿನಾ ಸಂಜೆ ಮಾತಾಡ್ತೀನಿ. ವಾಪಸ್ ಬರ್ತೀನಿ."

"ಎಲ್ಲರೂ ಹಾಗೇ ಹೇಳ್ತಾರೆ."

"ಹೇಳ್ತಾರೆ. ನಂಬು ಅಂತ ನಾನು ಕೇಳ್ತಿಲ್ಲ. ಕತ್ತರಿ ಕೊಡು ಅಂತಷ್ಟೇ ಕೇಳ್ತಿದೀನಿ."

ನಲ್ಲಿ ನಿಂತಿತು. ಬಾಗಿಲು ಅಂಗೈ ಅಗಲ ತೆರೆಯಿತು. ಕತ್ತರಿ ಹಿಡಿದ ಕೈ ಹೊರಬಂತು. ಅತ್ತೆ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಕತ್ತರಿ ತೆಗೆದುಕೊಂಡಳು. ಸೊಸೆ ಅವಳನ್ನು ತಬ್ಬಿಕೊಳ್ಳಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ಗಂಡ ನೀಡಿದ ಫೋನನ್ನು ಕಿವಿಗಿಟ್ಟುಕೊಂಡು ವೈದ್ಯೆಯ ಮಾತಿಗೆ ಹೂಂಗುಟ್ಟುತ್ತ ಕೂತಳು.

ಅತ್ತೆ ಹೊರಡುವ ದಿನ ಸೊಸೆ ಕೋಣೆಯಿಂದ ಈಚೆ ಬರಲಿಲ್ಲ. ಮಗ ರಜೆ ಹಾಕಿ ಮನೆಯಲ್ಲೇ ಉಳಿದ. ಬಸ್ಸು ಇನ್ನೂ ನಿಲ್ದಾಣ ಬಿಟ್ಟಿರಲಿಲ್ಲ, ಫೋನು ಬಂತು.

"ನಿಮ್ಮನ್ನ ಕಂಡ್ರೆ ನನಗೆ ಆಗಲ್ಲ" ಎಂದಳು ಸೊಸೆ.

"ಆಗಲಿ ಕಣೇ. ಸಂಜೆ ಮಾತಾಡೋಣ."

ಸೊಸೆ ಫೋನು ಇಡಲಿಲ್ಲ. ಅತ್ತೆ ಮುಂದಿನ ಸೀಟಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಎಷ್ಟು ಗಂಟೆಗೆ?"