ಜೈಲಿನಲ್ಲಿ ಸಿಗದ ಚಿಕ್ಕಬೈರಪ್ಪ

1961ರ ಜೂನ್ 12, ಸೋಮವಾರ ಬೆಳಗ್ಗೆ ಒಂಬತ್ತೂವರೆಗೆ ಜಯನಗರ ಪೊಲೀಸ್ ಠಾಣೆಗೆ ಬಂದ ದೂರು ಯಾವ ಕಲಮಿಗೂ ಸೇರುವಂತಿರಲಿಲ್ಲ. ದೂರು ತಂದವಳು ಜರಗನಹಳ್ಳಿಯ ಮುನಿಲಕ್ಷ್ಮಮ್ಮ. ಇನ್ನೂ ಮೂವತ್ತು ತುಂಬದ ಹೆಂಗಸು. ಕನಕಪುರ ರಸ್ತೆಯಿಂದ ನಡೆದೇ ಬಂದಿದ್ದಳು. ಬೆಂಚು ತೋರಿಸಿದರೂ ಕೂರದೆ, ಇನ್‌ಸ್ಪೆಕ್ಟರ್ ಸೇತುರಾಮನ ಮೇಜಿನ ಎದುರು ನಿಂತೇ ಹೇಳಿದಳು.

"ನನ್ನ ಗಂಡ ಜೈಲಲ್ಲವ್ನೆ ಸಾಮಿ. ಜೈಲಿನೋರು ಇಲ್ಲ ಅಂತಾರೆ."

"ಏನು ಕೇಸು?"

"ಕೇಸೇನೂ ಇಲ್ಲ."

"ಹಿಡ್ಕೊಂಡು ಹೋದೋರು ಯಾರು?"

"ಯಾರೂ ಹಿಡೀಲಿಲ್ಲ. ಹಾಸನದ ಕಡೆ ಬಾವಿ ಕೆಲಸ ಐತೆ ಅಂತ ಹೇಳಿ ಹೋದ."

ಸೇತುರಾಮ ಪೆನ್ನು ಕೆಳಗಿಟ್ಟ. ಬಸವನಗುಡಿಯ ಮನೆಯಲ್ಲಿ ಬೆಳೆದು, ಇಪ್ಪತ್ತು ವರ್ಷ ಪೊಲೀಸ್ ಕೆಲಸ ಮಾಡಿದವನು. ಅರ್ಥವಿಲ್ಲದಂತೆ ಕಾಣುವ ದೂರನ್ನು ಕೊನೆಯವರೆಗೆ ಕೇಳಬೇಕು ಎಂಬುದನ್ನು ಆ ಇಪ್ಪತ್ತು ವರ್ಷ ಕಲಿಸಿತ್ತು. ಪಕ್ಕದಲ್ಲಿದ್ದ ದಫೇದಾರ್ ತಿಮ್ಮರಾಯಪ್ಪನಿಗೆ ಬರೆದುಕೊಳ್ಳಲು ಹೇಳಿ, ಆಕೆಯನ್ನು ಮೊದಲಿನಿಂದ ಹೇಳು ಎಂದ.

ಅವಳ ಗಂಡ ಚಿಕ್ಕಬೈರಪ್ಪ ಬಾವಿ ತೋಡುವವನು. ಯುಗಾದಿ ಕಳೆದು ಎರಡನೇ ಸೋಮವಾರ, ಬೆಳಗಿನ ಮುದ್ದೆ ಉಂಡು ಮನೆ ಬಿಟ್ಟವನು ಮತ್ತೆ ಬಂದಿರಲಿಲ್ಲ. ಮುನಿಲಕ್ಷ್ಮಮ್ಮ ಕೆಲವು ದಿನ ಕಾದಳು. ಆಮೇಲೆ ಸಾರಕ್ಕಿಗೆ ಹೋಗಿ ಗಂಗಾಧರಯ್ಯನನ್ನು ಕೇಳಿದಳು. ಗಂಗಾಧರಯ್ಯ ಸಾರಕ್ಕಿಯ ದೊಡ್ಡ ಹಿಡುವಳಿದಾರ. ಸುತ್ತಲ ಹಳ್ಳಿಯವರಿಗೆಲ್ಲ ಅವನು ಗೌಡ್ರು. ಚಿಕ್ಕಬೈರಪ್ಪನಿಗೆ ವರ್ಷವಿಡೀ ಕೆಲಸ ಕೊಡುತ್ತಿದ್ದವನೂ ಅವನೇ. ಹಾಸನದ ಕೆಲಸ ದೊಡ್ಡದು, ಮಳೆ ಹಿಡಿಯುವುದರೊಳಗೆ ಬರುತ್ತಾನೆ, ಹೆದರಬೇಡ ಎಂದು ಗೌಡರು ಬಾಗಿಲ ಒಳಗಿನಿಂದಲೇ ಹೇಳಿ ಕಳಿಸಿದ್ದರು.

ಹದಿನೈದು ದಿನದ ಕೆಳಗೆ ಅಪರಿಚಿತನೊಬ್ಬ ಅವಳ ಮನೆಗೆ ಬಂದ. ನಿನ್ನ ಗಂಡ ಜೈಲಿನಲ್ಲಿದ್ದಾನೆ, ಆರೋಗ್ಯವಾಗಿದ್ದಾನೆ, ಚಿಂತೆ ಮಾಡಬೇಡ ಎಂದಷ್ಟೇ ಹೇಳಿ, ನೀರೂ ಕುಡಿಯದೆ ಹೊರಟುಹೋದ. ಅವಳು ಮರುದಿನವೇ ಜೈಲಿನ ಬಾಗಿಲಿಗೆ ಹೋದಳು. ಅಲ್ಲಿನವರು ಹೆಸರು ಕೇಳಿ, ಪುಸ್ತಕ ನೋಡಿ, ಅಂಥವರು ಯಾರೂ ಇಲ್ಲವೆಂದರು. ಎರಡನೇ ಸಲ ಹೋದಾಗಲೂ ಅದೇ ಮಾತು. ಒಳಗೇ ಏನೋ ಆಗಿಹೋಗಿದೆ, ಅದನ್ನು ಮುಚ್ಚಿಡುತ್ತಿದ್ದಾರೆ ಎಂದು ಊರಿನವರು ಅವಳ ಕಿವಿಯಲ್ಲಿ ಊದಿದ್ದರು.

"ಸತ್ತಿದ್ರೆ ಸತ್ತವ್ನೆ ಅಂತ ಹೇಳಿ ಸಾಮಿ," ಎಂದಳು. "ದಿನಾ ಕುಂಕುಮ ಇಟ್ಕೋಬೇಕೋ ಅಳಿಸ್ಕೋಬೇಕೋ ಗೊತ್ತಾಗ್ತಿಲ್ಲ."

ಸೇತುರಾಮ ಠಾಣೆಯ ದಿನಚರಿಯಲ್ಲಿ ನಮೂದು ಮಾಡಿಸಿದ. ಅಪರಾಧವೆಂದು ಹೇಳಲು ಏನೂ ಇಲ್ಲದ್ದರಿಂದ ಎಫ್‌ಐಆರ್ ಆಗಲಿಲ್ಲ. ಹುಡುಕುತ್ತೇನೆ ಎಂದು ಅವಳಿಗೆ ಮಾತು ಕೊಟ್ಟ. ಅವಳು ಕೈ ಮುಗಿದಳು. ಇಷ್ಟು ದಿನದಲ್ಲಿ ತನ್ನ ಮಾತನ್ನು ಕುಳಿತು ಬರೆದುಕೊಂಡವರು ನೀವೇ ಮೊದಲು ಎಂದಳು.

ಮೊದಲು ತಮ್ಮ ಠಾಣೆಯ ದಸ್ತಗಿರಿ ಪುಸ್ತಕ ನೋಡಿದ್ದಾಯಿತು. ಆಮೇಲೆ ಅಕ್ಕಪಕ್ಕದ ಠಾಣೆಗಳಿಗೆ ಫೋನು ಹೋಯಿತು. ಚಿಕ್ಕಬೈರಪ್ಪ ಎಂಬ ಹೆಸರಿನವನನ್ನು ಯಾರೂ ಹಿಡಿದಿರಲಿಲ್ಲ. ಆಸ್ಪತ್ರೆಯ ಶವಾಗಾರದಲ್ಲೂ ಅಂಥ ಗುರುತಿನ ಹೆಣ ಬಂದಿರಲಿಲ್ಲ. ಇನ್ನುಳಿದವನು ಸುದ್ದಿ ತಂದ ಅಪರಿಚಿತ. ಮುನಿಲಕ್ಷ್ಮಮ್ಮ ಹೇಳಿದ ಚಹರೆ ಹಿಡಿದು ತಿಮ್ಮರಾಯಪ್ಪ ವಿಚಾರಿಸುತ್ತ ಹೋದ. ಬುಧವಾರ ಮಧ್ಯಾಹ್ನ ಬನಶಂಕರಿ ಗುಡಿಯ ಮುಂದಿನ ತೆಂಗಿನಕಾಯಿ ಅಂಗಡಿಯಲ್ಲಿ ಕೆಲಸಕ್ಕಿದ್ದ ಸೋಮಲಿಂಗಪ್ಪ ಎಂಬವನನ್ನು ಕರೆತಂದ. ಸೈಕಲ್ ಕದ್ದು ಶಿಕ್ಷೆ ಅನುಭವಿಸಿ ಮೇ ತಿಂಗಳಲ್ಲಿ ಬಿಡುಗಡೆಯಾದವನು.

"ಜರಗನಹಳ್ಳಿಗೆ ಯಾಕೆ ಹೋಗಿದ್ದೆ?"

"ಒಳಗೆ ಒಬ್ಬ ಕೇಳ್ಕೊಂಡ ಸಾರ್."

"ಅವನ ಹೆಸರು?"

ಸೋಮಲಿಂಗಪ್ಪ ತಲೆ ಅಲ್ಲಾಡಿಸಿದ. ಹೆಸರು ಹೇಳುವುದಿಲ್ಲವೆಂದು ಆಣೆ ಮಾಡಿಸಿಕೊಂಡಿದ್ದಾನೆ ಎಂದ. ತನಗೆ ಜ್ವರ ಬಂದು ಬಿದ್ದಿದ್ದಾಗ ರಾತ್ರಿಯೆಲ್ಲ ಹಣೆಗೆ ಒದ್ದೆಬಟ್ಟೆ ಹಾಕಿದವನು ಅವನು. ಆ ಋಣಕ್ಕೆ ಸುದ್ದಿ ಮುಟ್ಟಿಸಿದೆನೇ ಹೊರತು ಬೇರೇನೂ ಇಲ್ಲ ಎಂದ. ಸೇತುರಾಮ ಒತ್ತಾಯಿಸಲಿಲ್ಲ. ಆಣೆ ಹೆಸರಿಗೆ ತಾನೇ, ಆಳು ಹೇಗಿದ್ದಾನೆಂದು ಹೇಳು ಎಂದ. ಸೋಮಲಿಂಗಪ್ಪ ಸ್ವಲ್ಪ ಯೋಚಿಸಿ, ಗಟ್ಟಿಮುಟ್ಟಾದ ಆಳು, ತೋಟದ ಕೆಲಸಕ್ಕೆ ಹಾಕಿದ್ದಾರೆ, ಬಲ ಮಣಿಕಟ್ಟಿನಲ್ಲಿ ಸುಟ್ಟ ಕಲೆ ಇದೆ ಎಂದ. ಬಂಡೆಗೆ ಮದ್ದು ಇಡುವಾಗ ತನ್ನ ಗಂಡನ ಬಲಗೈ ಸುಟ್ಟಿತ್ತೆಂದು ಮುನಿಲಕ್ಷ್ಮಮ್ಮನೂ ಹೇಳಿದ್ದಳು.

ಮರುದಿನ ಸೇತುರಾಮ ಜೈಲಿಗೆ ಹೋದ. ಜೈಲರ್ ಬದರಿನಾಥನಿಗೆ ಆ ಹೆಂಗಸಿನ ನೆನಪಿತ್ತು. ಒಳಗೆ ಯಾರಿದ್ದಾರೆಂಬುದು ಗುಟ್ಟಿನ ವಿಷಯವಲ್ಲ, ಮನೆಯವರು ಬಂದು ಕೇಳಿದರೆ ನೋಡಿ ಹೇಳುವುದು ನಮ್ಮ ಕೆಲಸ, ಆ ಹೆಸರು ನಿಜವಾಗಿಯೂ ಇಲ್ಲ ಎಂದು ದಾಖಲಾತಿ ಪುಸ್ತಕವನ್ನೇ ಮುಂದಿಟ್ಟ.

"ಹೆಸರು ಬಿಟ್ಟುಬಿಡಿ," ಎಂದ ಸೇತುರಾಮ. "ಅವನು ಮನೆ ಬಿಟ್ಟಿದ್ದು ಮಾರ್ಚ್ 27. ಆ ವಾರ ಒಳಗೆ ಬಂದೋರು ಯಾರ್ಯಾರು ನೋಡೋಣ."

ಪುಸ್ತಕದಲ್ಲಿ ಬರೆದ ಮೈಗುರುತುಗಳ ಪ್ರಕಾರ, ಆ ವಾರ ಬಂದವರಲ್ಲಿ ಬಲ ಮಣಿಕಟ್ಟಿನ ಸುಟ್ಟ ಕಲೆ ಒಬ್ಬನಿಗೆ ಮಾತ್ರ ಇತ್ತು. ಬಂದದ್ದೂ 27ರಂದೇ. ಆರು ತಿಂಗಳ ಶಿಕ್ಷೆ. ವಯಸ್ಸು ಮೂವತ್ತೆರಡು. ಹೆಸರು ಗಂಗಾಧರಯ್ಯ, ಊರು ಸಾರಕ್ಕಿ.

ಸೇತುರಾಮನಿಗೆ ಆ ಕೇಸು ಗೊತ್ತಿತ್ತು. ಹೊಸ ಬಡಾವಣೆಗೆ ಹೊಲ ಅಳೆಯಲು ಬಂದ ಸರ್ವೆಯವನನ್ನು ಗಂಗಾಧರಯ್ಯ ಗುದ್ದಲಿಯ ಕಾವಿನಿಂದ ಹೊಡೆದು ಕೈ ಮುರಿದಿದ್ದ. ಶಿಕ್ಷೆಯಾಗಿ, ಜಾಮೀನಿನ ಮೇಲಿದ್ದು ಅಪೀಲು ಹಾಕಿಕೊಂಡಿದ್ದ. ಅಪೀಲು ವಜಾ ಆಗಿ, ಶರಣಾಗಲು ಹುಕುಂ ಆದದ್ದು ಮಾತ್ರ ಸೇತುರಾಮನಿಗೆ ಈ ಪುಸ್ತಕ ನೋಡಿದಾಗಲೇ ತಿಳಿದದ್ದು. ಆದರೆ ಆ ಗಂಗಾಧರಯ್ಯನಿಗೆ ಐವತ್ತು ದಾಟಿತ್ತು. ಸೇತುರಾಮ ಅಲ್ಲಿಂದ ನೇರ ಕೋರ್ಟಿಗೆ ಹೋಗಿ ಹಳೆಯ ಕಾಗದ ತೆಗೆಸಿದ. ಜಾಮೀನು ಮುಚ್ಚಳಿಕೆಯ ಕೆಳಗೆ ಗಂಗಾಧರಯ್ಯನ ದುಂಡಗಿನ ರುಜು ಇತ್ತು. ಜೈಲಿಗೆ ಬಂದವನು ಹೆಬ್ಬೆಟ್ಟು ಒತ್ತಿದ್ದ. ರುಜು ಹಾಕಬಲ್ಲವನು ಹೆಬ್ಬೆಟ್ಟು ಒತ್ತುವುದಿಲ್ಲ. ಶರಣಾದ ದಿನ ಮ್ಯಾಜಿಸ್ಟ್ರೇಟರೂ ಹೊಸಬರು, ನಿಂತಿದ್ದ ವಕೀಲನೂ ಹೊಸಬ. ಹೆಸರು ಕೂಗಿದಾಗ ಓ ಎಂದವನನ್ನು ಅನುಮಾನಿಸಲು ಯಾರಿಗೂ ಕಾರಣವಿರಲಿಲ್ಲ.

ಶುಕ್ರವಾರ ಹನ್ನೊಂದು ಗಂಟೆಗೆ ಮುನಿಲಕ್ಷ್ಮಮ್ಮನನ್ನು ಜೈಲಿಗೆ ಕರೆದೊಯ್ದರು. ಬದರಿನಾಥನ ಕೋಣೆಗೆ ಕೈದಿಯನ್ನು ತಂದು ನಿಲ್ಲಿಸಿದರು. ಬಾಗಿಲಲ್ಲಿ ಅವನನ್ನು ಕಂಡೊಡನೆ ಮುನಿಲಕ್ಷ್ಮಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವನೂ ಒಂದು ಗಳಿಗೆ ಅವಳನ್ನು ನೋಡಿದ. ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿದ.

"ನಿನ್ನ ಹೆಸರೇನು?" ಸೇತುರಾಮ ಕೇಳಿದ.

"ಗಂಗಾಧರಯ್ಯ."

"ಈಕೆ ಯಾರು?"

"ಗೊತ್ತಿಲ್ಲ ಸಾಮಿ."

ತಿಮ್ಮರಾಯಪ್ಪ ಮುಂದೆ ಹೋಗಿ ಬೆದರಿಸಲು ಹೊರಟ. ಸೇತುರಾಮ ಕಣ್ಣಿನಲ್ಲೇ ತಡೆದ. ಮುನಿಲಕ್ಷ್ಮಮ್ಮ ಗಂಡನ ಬೆನ್ನನ್ನು ನೋಡಿದಳು. ಆಮೇಲೆ ಇನ್‌ಸ್ಪೆಕ್ಟರ್ ಕಡೆ ತಿರುಗಿ ಕೈ ಮುಗಿದಳು.

"ಬಿಡಿ ಸಾಮಿ, ಏನೂ ಕೇಳ್ಬೇಡಿ. ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ. ಜೀವಂತ ಅವ್ನೆ, ಕಣ್ಣಾರೆ ಕಂಡೆ. ನಿಮ್ಮ ಹೊಟ್ಟೆ ತಣ್ಣಗಿರ್ಲಿ. ನಾನು ಮನೆಗೆ ಹೋಗ್ತೀನಿ."

ಅವಳು ಬಾಗಿಲು ದಾಟುವುದರೊಳಗೆ ಚಿಕ್ಕಬೈರಪ್ಪ ಕುಸಿದು ನೆಲದ ಮೇಲೆ ಕೂತ. ಎರಡೂ ಕೈಯಿಂದ ತಲೆ ಹಿಡಿದುಕೊಂಡು, "ಮುನಿಲಕ್ಷ್ಮೀ, ನಿಲ್ಲೇ," ಎಂದ.

ಅವಳು ತಿರುಗಿ ಬಂದು ಅವನ ಪಕ್ಕ ನೆಲದ ಮೇಲೆಯೇ ಕೂತಳು. ಬದರಿನಾಥ ನೀರು ತರಿಸಿದ. ಆ ದಿನ ಅವನು ಕೊಟ್ಟ ಹೇಳಿಕೆಯನ್ನು ತಿಮ್ಮರಾಯಪ್ಪ ಬರೆದುಕೊಂಡ.

ನಾಲ್ಕು ವರ್ಷದ ಕೆಳಗೆ ಗೌಡರ ತೋಟದ ಬಾವಿ ತೋಡುತ್ತಿದ್ದಾಗ ಒಂದು ಮಗ್ಗುಲು ಕುಸಿದು ಚಿಕ್ಕಬೈರಪ್ಪ ಎದೆಮಟ್ಟ ಮಣ್ಣಿನಲ್ಲಿ ಹೂತುಹೋಗಿದ್ದ. ಮೇಲಿಂದ ಇನ್ನೂ ಮಣ್ಣು ಜಾರುತ್ತಿತ್ತು. ಆಳುಗಳು ಇಳಿಯಲು ಹೆದರಿದರು. ಗಂಗಾಧರಯ್ಯನೇ ಹಗ್ಗ ಕಟ್ಟಿಕೊಂಡು ಇಳಿದ. ಹಾರೆ ಹಾಕಿದರೆ ಮೈಗೆ ತಾಗೀತೆಂದು ಕೈಯಲ್ಲೇ ಮಣ್ಣು ಬಗೆದು ಅವನನ್ನು ಮೇಲಕ್ಕೆ ತಂದ. ಅಪೀಲು ವಜಾ ಆದ ಸುದ್ದಿ ಬಂದಾಗ ಚಿಕ್ಕಬೈರಪ್ಪ ಗೌಡರ ಜಗಲಿಯಲ್ಲಿದ್ದ. ಗೌಡರ ಹೆಂಡತಿ ಲಕ್ಷ್ಮಮ್ಮನಿಗೆ ಹೊಟ್ಟೆಯಲ್ಲಿ ಹುಣ್ಣು. ಡಾಕ್ಟರು ಕೈಬಿಟ್ಟಿದ್ದರು. ಮಕ್ಕಳಿರಲಿಲ್ಲ. ನಾನು ಒಳಗೆ ಹೋದರೆ ಇವಳ ಬಾಯಿಗೆ ನೀರು ಬಿಡುವವರು ಯಾರು ಎಂದು ಗೌಡರು ಕಣ್ಣೀರು ಹಾಕಿದರು. ನಿಮ್ಮ ಬದಲು ನಾನು ಹೋಗುತ್ತೇನೆ ಎಂದು ಚಿಕ್ಕಬೈರಪ್ಪನೇ ಹೇಳಿದ.

"ಅವರು ಒಪ್ಪಿದ್ರಾ?"

"ಮೊದಲು ಒಪ್ಲಿಲ್ಲ ಸಾಮಿ. ಅಷ್ಟರಲ್ಲಿ ಒಳಗಿಂದ ಅಮ್ಮ ನರಳಿದ್ರು."

ಆ ಮಧ್ಯಾಹ್ನ ಹೆಬ್ಬೆಟ್ಟಿನ ಗುರುತಿನ ಪಂಚನಾಮೆ ಆಯಿತು. ಸುಳ್ಳು ಹೆಸರಿನಲ್ಲಿ ಕೋರ್ಟಿನ ಮುಂದೆ ನಿಂತದ್ದು, ನಿಲ್ಲಿಸಿದ್ದು ಅಪರಾಧವೆಂದು ಇಬ್ಬರ ಮೇಲೂ ವರದಿ ತಯಾರಾಗಿ ಮ್ಯಾಜಿಸ್ಟ್ರೇಟರ ಮುಂದೆ ಹೋಯಿತು. ಗಂಗಾಧರಯ್ಯನ ಹೆಸರಿನಲ್ಲಿ ವಾರಂಟು ಹೊರಟಿತು.

ಶನಿವಾರ ಬೆಳಗ್ಗೆ ಎಂಟು ಗಂಟೆಗೆ ಜೀಪು ಸಾರಕ್ಕಿಗೆ ಹೋಯಿತು. ಗೌಡರ ಹೊಲದುದ್ದಕ್ಕೂ ಬಡಾವಣೆಯ ಗಡಿಕಲ್ಲು ನೆಟ್ಟಿದ್ದರು. ಮನೆಯ ಮುಂಬಾಗಿಲು ಮುಚ್ಚಿತ್ತು. ತಿಮ್ಮರಾಯಪ್ಪನನ್ನು ಹಿತ್ತಲ ಬಾಗಿಲಿಗೆ ಕಳಿಸಿ ಸೇತುರಾಮ ಕದ ತಟ್ಟಿದ. ಬಾಗಿಲು ತೆರೆದವನು ಗಂಗಾಧರಯ್ಯನೇ. ಬಿಸಿಲು ಕಾಣದ ಮುಖ ಬಿಳಿಚಿಕೊಂಡಿತ್ತು. ಕೈಯಲ್ಲಿ ಗಂಜಿಯ ಬಟ್ಟಲಿತ್ತು. ಸಮವಸ್ತ್ರ ಕಂಡು ಅವನು ಬೆಚ್ಚಲಿಲ್ಲ. ದೊಡ್ಡದೊಂದು ಉಸಿರು ಬಿಟ್ಟ.

"ಬೈರ ಚೆನ್ನಾಗಿದಾನಾ?" ಎಂದು ಕೇಳಿದ.

"ಚೆನ್ನಾಗಿದಾನೆ. ಅವನ ಹೆಂಡ್ತಿ ಬಂದು ದೂರು ಕೊಟ್ಟಳು."

"ಒಳ್ಳೇದಾಯ್ತು. ಆ ಹೆಣ್ಣುಮಗಳನ್ನ ಬಾಗಿಲಲ್ಲಿ ನಿಲ್ಲಿಸಿ ಸುಳ್ಳು ಹೇಳಿದ್ದೆ." ಗಂಗಾಧರಯ್ಯ ಒಳಕೋಣೆಯ ಕಡೆ ನೋಡಿ ದನಿ ತಗ್ಗಿಸಿದ. "ಅಪೀಲು ಗೆದ್ದೆ ಅಂತ ಇವಳಿಗೆ ಹೇಳಿದೀನಿ. ಇದೊಂದು ಬಟ್ಟಲು ಕುಡಿಸಿ ಬರ್ತೀನಿ. ಅಷ್ಟು ಬಿಟ್ಕೊಡಿ."

ಸೇತುರಾಮ ಟೋಪಿ ತೆಗೆದು ಜಗಲಿಯಲ್ಲಿ ಕೂತ. ಬಾಗಿಲ ಸಂದಿಯಿಂದ ಚಾಪೆಯ ಮೇಲೆ ಮಲಗಿದ್ದ ಲಕ್ಷ್ಮಮ್ಮನ ಬತ್ತಿದ ಕೈ ಕಾಣುತ್ತಿತ್ತು. ಗಂಗಾಧರಯ್ಯ ಚಮಚೆ ಚಮಚೆಯಾಗಿ ಗಂಜಿ ಹಾಕಿ, ಬಾಯಿ ಒರೆಸಿ, ತಲೆದಿಂಬು ಸರಿಮಾಡಿದ. ಯಾರು ಬಂದಿದ್ದಾರೆಂದು ಆಕೆ ಕೇಳಿದಳು. ಅವನು ಬಾಗಿಲ ಕಡೆ ನೋಡಿದ.

ಅಷ್ಟರಲ್ಲಿ ಅಂಗಳಕ್ಕೆ ಮುನಿಲಕ್ಷ್ಮಮ್ಮ ಬಂದಳು. ಗೌಡರನ್ನು ಹಿಡಿಯುತ್ತಾರೆಂದು ಹಿಂದಿನ ದಿನವೇ ಗಂಡನಿಂದ ಕೇಳಿ ತಿಳಿದಿದ್ದಳು. ಬಟ್ಟೆಯ ಗಂಟನ್ನು ಜಗಲಿಯ ಮೇಲಿಟ್ಟು, ಕಾಲು ತೊಳೆದುಕೊಂಡು ನೇರ ಒಳಗೆ ಹೋದಳು.

"ಅಮ್ಮಾ, ನಾನು ಬೈರನ ಹೆಂಡ್ತಿ," ಎಂದಳು. "ಗೌಡ್ರಿಗೆ ಬೇರೆ ಊರಲ್ಲಿ ಕೆಲಸ ಐತಂತೆ. ಅವರು ಬರೋಗಂಟ ನಾನಿಲ್ಲೇ ಇರ್ತೀನಿ."

ಗಂಗಾಧರಯ್ಯ ಅವಳ ಮುಖ ನೋಡಲಾರದೆ ಹೊರಗೆ ಬಂದ. ಅವಳು ಹಿಂದೆಯೇ ಹೊಸ್ತಿಲವರೆಗೆ ಬಂದಳು. ನಿನಗೆ ನಾನು ಮಾಡಿದ್ದು ಸಣ್ಣ ಅನ್ಯಾಯವಲ್ಲ ಎಂದು ಅವನು ತಲೆ ತಗ್ಗಿಸಿಕೊಂಡೇ ಹೇಳಿದ.

"ಹೌದು, ಮಾಡಿದ್ರಿ," ಎಂದಳು ಮುನಿಲಕ್ಷ್ಮಮ್ಮ. "ಹದಿನೈದು ದಿನ ಬೀದಿ ಬೀದಿ ಅಲೆದೆ. ನಿಮ್ಮನ್ನ ಬೈಕೊಂಡೂ ಇದೀನಿ. ಆದ್ರೆ ಅವತ್ತು ನೀವು ಬಾವಿಗೆ ಇಳೀದೆ ಹೋಗಿದ್ರೆ, ಹುಡುಕೋದಕ್ಕೆ ನನಗೊಬ್ಬ ಗಂಡನೇ ಇರ್ತಿರ್ಲಿಲ್ಲ. ಹೋಗ್ಬನ್ನಿ ಗೌಡ್ರೆ. ಅಮ್ಮನ್ನ ನಾನು ನೋಡ್ಕೋತೀನಿ."

ಗಂಗಾಧರಯ್ಯ ಅಂಗಳದಲ್ಲಿ ನಿಂತು ಅವಳಿಗೆ ಕೈ ಮುಗಿದ. ಎಂಟೂ ನಲವತ್ತಕ್ಕೆ ದಸ್ತಗಿರಿ ಆಯಿತು. ಬೇಡಿ ಹಾಕಲಿಲ್ಲ.

ಮ್ಯಾಜಿಸ್ಟ್ರೇಟರು ಚಿಕ್ಕಬೈರಪ್ಪನನ್ನು ಸ್ವಂತ ಮುಚ್ಚಳಿಕೆಯ ಮೇಲೆ ಬಿಟ್ಟರು. ಆ ಸಂಜೆಯೇ ಅವನು ಸಾರಕ್ಕಿಗೆ ಹೋಗಿ ಹಿತ್ತಲಲ್ಲಿ ಸೌದೆ ಒಡೆದ. ಗಂಗಾಧರಯ್ಯ ತನ್ನದೇ ಹೆಸರಿಗೆ ಓ ಎಂದು ಜೈಲಿಗೆ ಹೋದ. ರೋಗಿಯ ಸ್ಥಿತಿ ತಿಳಿಸಿ ಸೇತುರಾಮ ಕಳಿಸಿದ ಪತ್ರದ ಮೇಲೆ, ಆಗಸ್ಟ್‌ನಲ್ಲಿ ಅವನನ್ನು ಪಹರೆಯೊಂದಿಗೆ ಒಂದು ದಿನ ಮನೆಗೆ ಕರೆತಂದರು. ಪಹರೆಗೆ ಹೋದ ತಿಮ್ಮರಾಯಪ್ಪ ಅಂಗಳದಲ್ಲೇ ಉಳಿದ. ಲಕ್ಷ್ಮಮ್ಮ ಗಂಡನ ಕೈಯಿಂದ ನೀರು ಕುಡಿದಳು. ಅದಾದ ಮೂರನೇ ದಿನ ಮುನಿಲಕ್ಷ್ಮಮ್ಮನ ತೊಡೆಯ ಮೇಲೆ ತಲೆಯಿಟ್ಟು ಪ್ರಾಣ ಬಿಟ್ಟಳು.

ಕೇಸಿನ ಕೊನೆಯ ವರದಿಯಲ್ಲಿ ಪ್ರೇರಣೆ ಏನೆಂದು ನಮೂದಿಸುವ ಜಾಗಕ್ಕೆ ಬಂದಾಗ ಸೇತುರಾಮ ಇಬ್ಬರ ಹೇಳಿಕೆಗಳನ್ನೂ ಮತ್ತೆ ತೆಗೆದ. ಗಂಗಾಧರಯ್ಯ ತನ್ನ ಹೇಳಿಕೆಯಲ್ಲಿ, ಜೈಲಿಗೆ ಹೆದರಲಿಲ್ಲ, ಅವಳು ಕಣ್ಣು ಬಿಟ್ಟಾಗ ನಾನು ಎದುರಿಗೆ ಇರಬೇಕಿತ್ತು, ಕೋರ್ಟಿನಲ್ಲಿ ಕಾಲಾವಕಾಶ ಕೇಳಬಹುದಿತ್ತು, ಇಲ್ಲ ಎಂದುಬಿಟ್ಟರೆ ಎಂಬ ಭಯಕ್ಕೆ ಕೇಳಲಿಲ್ಲ ಎಂದಿದ್ದ. ಸೇತುರಾಮ ಅದನ್ನು ಹಾಗೆಯೇ ಬರೆದ. ಅದರ ಕೆಳಗೆ, ಎರಡನೆಯ ಆರೋಪಿ ಚಿಕ್ಕಬೈರಪ್ಪ, ಪ್ರೇರಣೆ ಉಪಕಾರಸ್ಮರಣೆ ಎಂದು ಬರೆದು ರುಜು ಹಾಕಿದ.