ಮರಿ ಶಾರ್ಕ್‌ಗೆ ಅಪ್ಪ ಯಾರು?

ನಾನು ತಲೆಕೆಳಗಾಗಿ ನೇತಾಡ್ತಿದ್ದೆ.

ಕೆಳಗೆ ನೀರು. ನೀರಲ್ಲಿ ಒಂದೂವರೆ ಆಳುದ್ದದ ಶಾರ್ಕ್. ನನ್ನ ಕಾಲು ಹಿಡಿದಿದ್ದವನು ಅಕ್ವೇರಿಯಂ ಧಣಿಯ ಭಾವಮೈದ. ಗೂಳಿಯಂಥ ಆಳು... ಬುದ್ಧಿಯೂ ಗೂಳಿಯದೇ.

"ಕೊನೇ ಸಲ ಕೇಳ್ತೀನಿ," ಅಂದ ಧಣಿ, ಟ್ಯಾಂಕಿನ ಕಟ್ಟೆ ಮೇಲೆ ಕೂತು. "ಮರಿಗೆ ಅಪ್ಪ ಯಾರು?"

ಕೇಳಿ, ಓಡಿಹೋದವರನ್ನ ಹುಡುಕೋದು, ಬೆದರಿಸೋರನ್ನ ಬೆದರಿಸೋದು ನನ್ನ ಕಸುಬು. ಆದ್ರೆ ಮೀನಿನ ಗಂಡನ್ನ ಹುಡುಕಿಕೊಡು ಅಂತ ನನ್ನ ಬಾಗಿಲು ತಟ್ಟಿದವನು ಇವನೊಬ್ಬನೇ.

ವಿಷಯ ಇಷ್ಟು. ಅವನ ಟ್ಯಾಂಕಲ್ಲಿದ್ದದ್ದು ಒಂದೇ ಒಂದು ಜೀಬ್ರಾ ಶಾರ್ಕ್. ಹೆಣ್ಣು. ಚಿಕ್ಕಂದಿನಿಂದ ಒಂಟಿ. ಅದು ಮೊಟ್ಟೆ ಇಡ್ತು, ಮರಿಯೂ ಬಂತು. ತಾಯಿಗೆ ಮೈತುಂಬ ಚುಕ್ಕಿ. ಮರಿಗೆ ಪಟ್ಟೆ.

"ಪಟ್ಟೆ ಅಪ್ಪನದು," ಅಂದಿದ್ದ ಧಣಿ. "ಊರಾಚೆ ಅಕ್ವೇರಿಯಂನವನ ಹತ್ರ ಗಂಡಿದೆ. ಡಾಕ್ಟರಮ್ಮ ಕದ್ದು ತಂದು ಬಿಟ್ಟಿದ್ದಾಳೆ. ನಾಳೆ ಅವನು ಮರಿ ನಂದು ಅಂತ ಬಂದು ನಿಲ್ತಾನೆ."

ಡಾಕ್ಟರಮ್ಮ ಅಂದ್ರೆ ಮೀನುಗಳ ಡಾಕ್ಟರು. ಅವರನ್ನ ಪಂಪ್ ರೂಮಲ್ಲಿ ಹಾಕಿ ಬೀಗ ಜಡಿದಿದ್ದ. ಒಪ್ಪಿಕೊಂಡ್ರೆ ಪೊಲೀಸು. ಒಪ್ಪದಿದ್ರೆ ಭಾವಮೈದ.

ನಾನು ಊರಾಚೆ ಅಕ್ವೇರಿಯಂನ ಹಿಂದಿನ ಗೋಡೆ ಹಾರಿದೆ. ಗಾರ್ಡ್‌ಗಳು ಬೆನ್ನಟ್ಟಿದರು. ಐಸ್ ಪೆಟ್ಟಿಗೆಗಳ ಮಧ್ಯೆ ಓಡಿದೆ, ಜಾರಿದೆ, ಒಬ್ಬನ ಮೂಗು ಚಚ್ಚಿದೆ. ಕೊನೆಗೆ ಆ ಗಂಡು ಸಿಕ್ತು.

ಗೋಡೆ ಮೇಲೆ!

ಯಾವ ಕಾಲದಲ್ಲೋ ಸತ್ತಿತ್ತು. ಹೊಟ್ಟೆಗೆ ಹುಲ್ಲು ತುಂಬಿ ಮೊಳೆ ಹೊಡೆದಿದ್ದರು. ಅದರ ಮೈಮೇಲೂ ಬರೀ ಚುಕ್ಕಿ.

ವಾಪಸ್ ಬಂದವನೇ ಪಂಪ್ ರೂಮಿನ ಬೀಗ ಒಡೆದೆ.

"ಡಾಕ್ಟ್ರೇ, ನಿಜ ಹೇಳಿ. ಅಪ್ಪ ಯಾರು?"

"ಯಾರೂ ಇಲ್ಲ."

"ಅಂದ್ರೆ?"

"ಗಂಡು ಸಿಗದಿದ್ರೆ ಕೆಲವು ಶಾರ್ಕ್‌ಗಳು ಒಂಟಿಯಾಗೇ ಮರಿ ಮಾಡ್ತವೆ. ಮೊಟ್ಟೆ ಜೊತೆ ಇನ್ನೊಂದು ಪುಟ್ಟ ಕೋಶ ಹುಟ್ಟುತ್ತೆ. ಗಂಡಿನ ಬೀಜದ ಬದಲು ಅದೇ ಬಂದು ಮೊಟ್ಟೆಗೆ ಸೇರ್ಕೊಳ್ಳುತ್ತೆ. ಡಿಎನ್‌ಎ ನೋಡಿಸಿದೀನಿ. ಮರಿಯಲ್ಲಿ ತಾಯಿದು ಬಿಟ್ರೆ ಬೇರೆ ಯಾರದೂ ಇಲ್ಲ. ಧಣಿಗೂ ಹೇಳ್ದೆ. ಒಳಗೆ ಹಾಕಿಸಿದ್ರು."

"ಮತ್ತೆ ಪಟ್ಟೆ?"

"ಎಲ್ಲ ಮರಿಗೂ ಇರುತ್ತೆ. ಅದಕ್ಕೇ ಜೀಬ್ರಾ ಅನ್ನೋದು. ಬೆಳೀತಾ ಚುಕ್ಕಿ ಆಗುತ್ತೆ."

"ಇದನ್ನ ಯಾರು ನಂಬ್ತಾರೆ?"

"ಶಾರ್ಕ್‌ಗಳು ಭೂಮಿ ಮೇಲೆ ಮರ ಹುಟ್ಟೋಕೂ ಮುಂಚಿನವು. ನೀವು ನಂಬ್ಲಿ ಅಂತ ಕಾಯ್ತಾ ಕೂತಿಲ್ಲ."

ಅಷ್ಟರಲ್ಲಿ ತಲೆಗೆ ಏಟು ಬಿತ್ತು. ಎಚ್ಚರ ಆದಾಗ ಹೀಗೆ ನೇತಾಡ್ತಿದ್ದೆ. ಡಾಕ್ಟರಮ್ಮನ ಕೈ ಕಟ್ಟಿ ಪಕ್ಕದಲ್ಲಿ ನಿಲ್ಲಿಸಿದ್ದರು.

"ಅಪ್ಪ ಇಲ್ಲ, ಧಣಿ," ಅಂದೆ.

"ಗಂಡಿಲ್ಲದೆ ಮರೀನಾ? ನನ್ನ ಕಿವಿಗೇ ಹೂ ಇಡ್ತೀಯಾ? ಬಿಡೋ ಅವನನ್ನ."

ಭಾವಮೈದ ಬಿಟ್ಟ. ನಾನು ಬಿಡಲಿಲ್ಲ. ಅವನ ಪ್ಯಾಂಟಿನ ಕಾಲು ನನ್ನ ಮುಷ್ಟಿಯಲ್ಲಿತ್ತು. ಇಬ್ಬರೂ ಒಟ್ಟಿಗೆ ನೀರಿಗೆ ಬಿದ್ವಿ.

ಶಾರ್ಕ್ ಬಂತು...

ಮೆಲ್ಲಗೆ, ಬಳುಕ್ತಾ. ಮೈಯಲ್ಲಿ ಒಂದೂ ಮೂಳೆ ಇಲ್ವಂತೆ. ನಮ್ಮ ಕಿವಿಯಲ್ಲಿರೋ ಮೆತ್ತನೆ ಮೃದ್ವಸ್ಥಿಯೇ ಮೂತಿಯಿಂದ ಬಾಲದವರೆಗೆ. ನಾನು ಕೈ ಅಡ್ಡ ಹಿಡಿದೆ. ಅದು ತೋಳು ಸವರಿಕೊಂಡು ಹೋಯ್ತು. ಉಪ್ಪುಕಾಗದ ಉಜ್ಜಿದ ಹಾಗೆ ಚರ್ಮ ತರಚಿತು. ಅಷ್ಟೇ.

ಭಾವಮೈದ ಮಾತ್ರ "ಅಮ್ಮಾ" ಅಂತ ನನ್ನ ಹೆಗಲೇರಿ ಕೂತಿದ್ದ.

"ಇಳೀರಿ," ಅಂದ್ರು ಡಾಕ್ಟರಮ್ಮ ಮೇಲಿಂದ. "ಅದು ತಿನ್ನೋದು ಬಸವನಹುಳು, ಏಡಿ. ನಿಮ್ಮಂಥದ್ದನ್ನ ಮೂಸೋದೂ ಇಲ್ಲ."

ಗಲಾಟೆ ಕೇಳಿ ಧಣಿಯ ಹೆಂಡತಿ ಬಂದ್ರು. ಬೋರ್ಡಿನ ಮೇಲಿನ ಹೆಸರು ಧಣಿಯದು. ಅಕ್ವೇರಿಯಂ ಇವರದು. ಡಾಕ್ಟರಮ್ಮನ ಕೈ ತಾವೇ ಬಿಚ್ಚಿದರು. ಅವರ ಮಾತು ಕೇಳಿದರು, ನನ್ನ ಮಾತೂ ಕೇಳಿದರು. ಆಮೇಲೆ ಗಾಜಿನಾಚೆ ಈಜೋ ಮರಿಯನ್ನೇ ನೋಡ್ತಾ ನಿಂತರು.

"ಒಂಟಿಯಾಗೇ?"

"ಒಂಟಿಯಾಗೇ, ಅಮ್ಮ."

ಅವರು ಗಂಡನನ್ನ ನೋಡಿದರು. ಟ್ಯಾಂಕಿನ ಏಣಿಗೆ ಅಂಟಿಕೊಂಡು ನಡುಗ್ತಿದ್ದ ತಮ್ಮನನ್ನ ನೋಡಿದರು.

"ಡಾಕ್ಟ್ರೇ, ನಾಳೆಯಿಂದ ಇದನ್ನೆಲ್ಲ ನೀವೇ ನೋಡ್ಕೊಳ್ಳಿ. ಇವರಿಬ್ಬರೂ ಈ ಕಡೆ ತಲೆ ಹಾಕಲ್ಲ."

ನಾನು ಷರ್ಟು ಹಿಂಡ್ತಾ ಹೊರಟೆ. ಗೇಟಿನ ಹತ್ರ ಧಣಿ ಓಡಿಬಂದ. ದನಿ ಇಳಿದುಹೋಗಿತ್ತು.

"ಅಲ್ಲಯ್ಯಾ... ಮನುಷ್ಯರಲ್ಲೂ ಹೀಗೆ ಆಗುತ್ತಾ?"

"ಆಗಲ್ಲ, ಧಣಿ. ಆಗಿದ್ರೆ ನಿಮ್ಮನ್ನ ಯಾರು ಮದುವೆ ಆಗ್ತಿದ್ರು?"